ಸ್ಟೆಪ್ನಿಯ ಪಾಳಿ

ನ್ಯೂಜಿಲೆಂಡಿನಲ್ಲಿ ವಾರಂಟ್ ಬಂದರೆ ಜನ ಖುಷಿಪಡುತ್ತಾರೆ. ಗಾಡಿಯನ್ನು ಪರೀಕ್ಷೆ ಮಾಡಿ, ರಸ್ತೆಗಿಳಿಸಬಹುದು ಎಂದು ಗ್ಯಾರೇಜಿನವರು ಕೊಡುವ ಚೀಟಿಗೆ ಇಲ್ಲಿ ವಾರಂಟ್ ಎಂದೇ ಹೆಸರು. ಹದಿನೆಂಟು ವರ್ಷದಿಂದ ಇಲ್ಲಿರುವ ನನಗೆ ಆ ಪದ ಎಷ್ಟು ಒಗ್ಗಿಹೋಗಿತ್ತೆಂದರೆ, ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಗ್ಯಾರೇಜಿನಿಂದ ಮನೆಗೆ ಬಂದವಳೇ, "ಕ್ಯಾರವಾನಿಗೆ ವಾರಂಟ್ ಬಂತು!" ಎಂದು ಕೂಗಿಬಿಟ್ಟೆ. ಹುಬ್ಬಳ್ಳಿಯಿಂದ ಬಂದು ಮೂರು ವಾರವಾಗಿದ್ದ ಅಪ್ಪ ಸೋಫಾದಿಂದ ಧಡಕ್ಕನೆ ಎದ್ದುನಿಂತ.

"ವಾರಂಟಾ? ಯಾರ ಮ್ಯಾಲೆ? ಅಳಿಯಾರ ಮ್ಯಾಲೇನು?"

ಅಳಿಯ ಆಗ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಅದು ಅಪ್ಪನ ಅನುಮಾನಕ್ಕೆ ಇನ್ನಷ್ಟು ಇಂಬು ಕೊಟ್ಟಿತು. ನನ್ನ ಗಂಡ ಮೈಸೂರಿನವನು. ಖಾಲಿ ರಸ್ತೆಯಲ್ಲೂ ಸಿಗ್ನಲ್ ಹಳದಿಯಾದ ಕೂಡಲೇ ನಿಲ್ಲುವವನು. ಅವನ ಮೇಲೆ ವಾರಂಟ್ ಬರಬೇಕಾದರೆ ಲೋಕದಲ್ಲಿ ಬೇರೆ ಕಳ್ಳರೇ ಉಳಿದಿರಬಾರದು. ಇದು ಗಾಡಿಯ ವಾರಂಟ್, ಒಳ್ಳೆಯ ವಾರಂಟ್ ಎಂದು ಅಪ್ಪನಿಗೆ ತಿಳಿಸಿ ಹೇಳುವ ಹೊತ್ತಿಗೆ ಚಹಾ ಆರಿತ್ತು.

ಚೀಟಿಯ ಜೊತೆ ಗ್ಯಾರೇಜಿನವನು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದ. ಟೈರು ಕಾನೂನಿನ ಪ್ರಕಾರ ಪಾಸು, ಆದರೆ ವಯಸ್ಸಾಗಿದೆ, ನಾನಾದರೆ ಇವನ್ನು ಹಾಕಿಕೊಂಡು ಗುಡ್ಡ ಹತ್ತುವುದಿಲ್ಲ ಎಂದಿದ್ದ. ನಾವು ಹತ್ತಬೇಕಾಗಿದ್ದುದು ಗುಡ್ಡವನ್ನೇ. ಹೊಸ ವರ್ಷ ಕಳೆದ ಮೇಲೆ ರೆಮುಟಾಕಾ ಘಾಟಿ ದಾಟಿ ಕಾಸಲ್‌ಪಾಯಿಂಟಿನ ಸಮುದ್ರದಂಡೆಗೆ ಹೋಗಿ ನಾಲ್ಕು ದಿನ ಇರುವುದೆಂದು ಜಾಗ ಕಾದಿರಿಸಿ ಆಗಿತ್ತು.

ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆ. ಒಳಗೆ ಹಾಸಿಗೆ, ಒಲೆ, ಒಂದು ಪುಟ್ಟ ಮೇಜು. ಕೆಳಗೆ ಎರಡೇ ಗಾಲಿ. ಲೆವಿನ್‌ನಲ್ಲಿದ್ದ ವಯಸ್ಸಾದ ದಂಪತಿಯಿಂದ ಚಳಿಗಾಲದ ಕೊನೆಯಲ್ಲಿ ನಾನೇ ಹಟ ಹಿಡಿದು ಕೊಂಡದ್ದು. "ಇರೋ ಮನೇನೇ ಗುಡಿಸಕ್ಕಾಗಲ್ಲ, ಇನ್ನೊಂದನ್ನ ಎಳ್ಕೊಂಡ್ ಹೋಗ್ಬೇಕಾ ಕಣೇ?" ಎಂದು ಗಂಡ ಕೇಳಿದ್ದ. ಅಲ್ಲಿಯ ಅಜ್ಜನಿಗೆ ಮಂಡಿ ನೋವು ಶುರುವಾದಂದಿನಿಂದ ಅದು ಅವರ ಮನೆಯ ಪಕ್ಕದ ತಗಡಿನ ಚಪ್ಪರದ ಕೆಳಗೆ ನಿಂತೇ ಇತ್ತಂತೆ. ಟೈರು ಹೊಚ್ಚ ಹೊಸದರಂತೆ ಕಂಡದ್ದು ನೋಡಿ ನಾನು ಒಳಗೊಳಗೇ ಹಿಗ್ಗಿದ್ದೆ. ಈಗ ಜಾನ್ಸನ್‌ವಿಲ್‌ನ ನಮ್ಮ ಇಳಿಜಾರು ಅಂಗಳದಲ್ಲಿ, ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸಿದ್ದೆವು.

ಟೈರಿನ ಮಾತು ಎತ್ತಿದ್ದೇ ತಡ, ಅಪ್ಪ ಚಪ್ಪಲಿ ಮೆಟ್ಟಿಕೊಂಡ.

ಅಪ್ಪನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅವನು ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಟೈರ್ ಸೆಕ್ಷನ್‌ನಲ್ಲಿದ್ದವನು. ನಾವು ಮಕ್ಕಳು ಉಂಡದ್ದು, ಉಟ್ಟದ್ದು, ನಾನು ಓದಿ ಇಲ್ಲಿಗೆ ಬಂದದ್ದು ಎಲ್ಲ ಟೈರಿನಿಂದ. ಚಿಕ್ಕವಳಿದ್ದಾಗ ಬುತ್ತಿ ಕೊಡಲು ಹೋದರೆ ನನ್ನ ಕೈಗೊಂದು ಸುತ್ತಿಗೆ ಕೊಟ್ಟು, ಸಾಲಾಗಿ ನಿಂತ ಬಸ್ಸುಗಳ ಟೈರಿಗೆ ಬಡಿಯಲು ಹೇಳುತ್ತಿದ್ದ. ಗಾಳಿ ತುಂಬಿದ್ದು "ಠಣ್" ಎನ್ನುತ್ತಿತ್ತು, ಇಳಿದದ್ದು "ಬದ್" ಎನ್ನುತ್ತಿತ್ತು. ಬದ್ ಎಂದದ್ದರ ಮೇಲೆ ಸೀಮೆಸುಣ್ಣದಿಂದ ಗೀರು ಎಳೆಯುವುದು ನನ್ನ ಕೆಲಸ. ನನ್ನ ಮೊದಲ ನೌಕರಿ ಅದೇ ಎಂದು ಈಗಲೂ ಆಫೀಸಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತೇನೆ.

ಅಂಥ ಅಪ್ಪನಿಗೆ ಜಾನ್ಸನ್‌ವಿಲ್‌ನಲ್ಲಿ ಮಾಡಲು ಏನೂ ಇರಲಿಲ್ಲ. ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಮ್ಮನ ಮನೆಯಲ್ಲಿ ಮೊಮ್ಮಕ್ಕಳು, ಓಣಿಯ ಕಟ್ಟೆ, ದಿನಕ್ಕೆ ಮೂರು ಚಹಾ ಎಂದು ಆರಾಮಾಗಿದ್ದವನನ್ನು ನಾನು ಆಸೆಪಟ್ಟು ಕರೆಸಿಕೊಂಡಿದ್ದೆ. ಇಲ್ಲಿ ಬೆಳಿಗ್ಗೆ ಎದ್ದರೆ ನಾವಿಬ್ಬರೂ ಕೆಲಸಕ್ಕೆ, ಹತ್ತು ವರ್ಷದ ಮಗಳು ಶಾಲೆಗೆ. ಅವನು ಇಳಿಜಾರು ಇಳಿದು ಸ್ಟೇಷನ್ನಿಗೆ ಹೋಗಿ, ಅಲ್ಲಿಗೇ ಕೊನೆಯಾಗುವ ರೈಲು ಬಂದು ತಿರುಗಿ ಹೋಗುವುದನ್ನು ನೋಡಿ ಬರುತ್ತಿದ್ದ. ಒಂದು ದಿನ ಬಸ್‌ಸ್ಟಾಪಿನಲ್ಲಿ ನಿಂತ ಬಸ್ಸಿನ ಟೈರನ್ನು ಬಗ್ಗಿ ನೋಡುತ್ತಿದ್ದಾಗ, ಅಜ್ಜ ಏನೋ ಬೀಳಿಸಿಕೊಂಡಿದ್ದಾನೆಂದು ಡ್ರೈವರ್ ಇಳಿದು ಬಂದು ತಾನೂ ಹುಡುಕತೊಡಗಿದನಂತೆ. ಹುಡುಕಿದರೂ ಏನೂ ಸಿಗಲಿಲ್ಲ, ಪಾಪ.

ಮೂರನೆಯ ವಾರ ಊಟಕ್ಕೆ ಕೂತಾಗ ಅಪ್ಪ ನಗುತ್ತಲೇ ಹೇಳಿದ. "ಈ ಮನ್ಯಾಗ ನಾನೊಂದು ಸ್ಟೆಪ್ನಿ. ಗಾಡಿ ಹಿಂದ ತೂಗಹಾಕೀರಿ. ಗಾಡಿ ಓಡ್ತೈತಿ, ನಾ ನೋಡ್ಕೊಂತ ಕುಂತೀನಿ."

ಸ್ಟೆಪ್ನಿ ಎಂದರೆ ಹೆಚ್ಚುವರಿ ಗಾಲಿ ಎಂದು ಮಗಳಿಗೆ ಹೇಳಿದೆ. ಆ ಪದಕ್ಕೆ ನಮ್ಮ ಕಡೆ ಇನ್ನೊಂದು ಅರ್ಥವೂ ಇದೆ; ಅದನ್ನು ವಿವರಿಸಲು ಬಾಯಿ ತೆರೆದ ಗಂಡನ ಕಾಲನ್ನು ಮೇಜಿನ ಕೆಳಗೆ ತುಳಿದೆ. ಆದರೆ ಅಪ್ಪ ಮುಂದೆ ಹೇಳಿದ್ದು ನಗುವ ಮಾತಾಗಿರಲಿಲ್ಲ. "ಮಾರ್ಚ್ ತನಕಾ ಯಾಕ? ಟಿಕೆಟ್ ಹಿಂದಕ್ಕ ತಗೋ ಯವ್ವಾ. ಜನವರಿಗೆ ಹೋಗ್ತೀನಿ."

ಹದಿನೆಂಟು ವರ್ಷದಲ್ಲಿ ಮೊದಲ ಸಲ ಬಂದವನು ಹೀಗೆ ಅರ್ಧಕ್ಕೇ ಎದ್ದು ಹೋಗುವುದೆಂದರೆ! ಕ್ಯಾರವಾನಿನ ಪ್ರವಾಸ ಮುಗಿಯಲಿ, ಆಮೇಲೆ ನೋಡೋಣ ಎಂದು ತೇಲಿಸಿದೆ. ಅವನನ್ನು ಹಿಡಿದಿಡಲು ನನ್ನ ಕೈಯಲ್ಲಿದ್ದುದು ಆ ಎರಡು ಗಾಲಿಯ ಮನೆ ಒಂದೇ.

ಹಾಗಾಗಿ ಆ ಶನಿವಾರ ಅಪ್ಪ ಕ್ಯಾರವಾನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಟೈರಿನ ಮೇಲೆ ಅಂಗೈ ಆಡಿಸಿ, ಉಗುರಿನಿಂದ ಕೆರೆದು, ಟಪ್ಪೆಂದು ಒಂದೇಟು ಹಾಕಿ ಕಿವಿಗೊಟ್ಟಾಗ ನನಗೆ ಹಬ್ಬವೇ ಆಯಿತು. ಮೂರು ವಾರದಲ್ಲಿ ಅವನ ಮುಖ ಹಾಗೆ ಬೆಳಗಿದ್ದನ್ನು ನಾನು ನೋಡಿರಲಿಲ್ಲ.

"ಫಸ್ಟ್ ಕ್ಲಾಸ್ ಐತಿ. ಬಟನ್ ನೋಡು, ಒಂಚೂರೂ ಸವದಿಲ್ಲ," ಎಂದ. ಟೈರಿನ ಮೇಲಿನ ಉಬ್ಬುಗಳಿಗೆ ಅವರ ಡಿಪೋದಲ್ಲಿ ಬಟನ್ ಎನ್ನುತ್ತಾರೆ. "ಅಂವಗ ಹೊಸಾ ಟೈರ್ ಮಾರೂದೈತಿ, ಅದಕ್ಕ ಹಂಗಂದಾನ. ಟೈರಿನ ಆಯುಷ್ಯ ಕಿಲೋಮೀಟರಿನಾಗ ಇರ್ತೈತಿ ಯವ್ವಾ, ವರ್ಷದಾಗಲ್ಲ."

ತೀರ್ಪು ಆಯಿತು. ನಾನು ತಲೆಯಾಡಿಸಿದೆ. ಗಂಡ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದ.

"ಮಾವನಿಗೆ ಬೇಜಾರಾಗುತ್ತೆ ಅಂತ ನಾಲ್ಕು ಜನ ಘಾಟಿ ಮೇಲಿಂದ ಉರುಳ್ಬೇಕಾ?"

"ನಮ್ಮಪ್ಪಗ ಟೈರಿನ ಬಗ್ಗೆ ನೀ ಹೇಳಿಕೊಡ್ತೀಯೇನು? ನೀ ಸೈಕಲ್ ಪಂಕ್ಚರ್ ಹಾಕಿದ್ದನ್ನ ನಾ ನೋಡಿಲ್ಲ!"

ಅನ್ಯಾಯದ ಮಾತು, ಗೊತ್ತಿದ್ದೇ ಆಡಿದೆ. ನನಗೆ ಸಿಟ್ಟು ಬಂದಾಗ ನ್ಯಾಯ ನೆನಪಾಗುವುದು ಮಾರನೆಯ ದಿನ. ಅವನು ಈರುಳ್ಳಿಯ ಕಡೆಗೆ ಹೋದ. ಅಪ್ಪನ ಕಣ್ಣಿನ ಆ ಬೆಳಕು ಆರದಿದ್ದರೆ ಸಾಕು, ಟೈರು ಹೇಗೋ ನಡೆದೀತು ಎಂದುಕೊಂಡುಬಿಟ್ಟಿದ್ದೆ ನಾನು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ನನ್ನನ್ನು ಉಳಿಸಿದವಳು ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಜಗಳ ಕೇಳಿಸಿಕೊಂಡು, ಟೈರಿನ ವಯಸ್ಸು ತಿಳಿಯುವುದು ಹೇಗೆಂದು ಟ್ಯಾಬ್‌ನಲ್ಲಿ ಹುಡುಕಿ, ಅಂಗಳದಲ್ಲಿ ಅಂಗಾತ ಮಲಗಿ ಟೈರಿನ ಒಳಮಗ್ಗುಲಲ್ಲಿದ್ದ ನಾಲ್ಕು ಅಂಕಿ ಓದಿದಳು. ಮೂರು, ಒಂದು, ಒಂದು, ಮೂರು. ಮೊದಲ ಎರಡಂಕಿ ತಯಾರಾದ ವಾರ, ಕೊನೆಯ ಎರಡಂಕಿ ವರ್ಷ. ಎರಡು ಸಾವಿರದ ಹದಿಮೂರನೆಯ ಇಸವಿಯ ಮೂವತ್ತೊಂದನೆಯ ವಾರ ಹುಟ್ಟಿದ ಟೈರು.

"ಅಮ್ಮಾ, ದಿಸ್ ಟೈರ್ ಈಸ್ ಓಲ್ಡರ್ ದ್ಯಾನ್ ಮೀ!"

ಅಪ್ಪ ಒಪ್ಪಲಿಲ್ಲ. ಅದು ಟೈರಿನ ನಂಬರು, ನಾವೂ ಡಿಪೋದಲ್ಲಿ ಪ್ರತಿ ಟೈರಿಗೂ ನಂಬರ್ ಸುಟ್ಟು ಹಾಕುತ್ತಿದ್ದೆವು, ಅದರಿಂದ ವಯಸ್ಸು ಹೇಗೆ ಗೊತ್ತಾಗುತ್ತದೆ ಎಂದ. ಆಮೇಲೆ, "ಹದಿಮೂರರಾಗ ನಾ ರಿಟೈರ್ ಆದೆ," ಎಂದ. ಬೀಳ್ಕೊಡುಗೆಯ ದಿನ, ಟೈರಿನ ಮನುಷ್ಯ ರಿ-ಟೈರ್ ಆದ ಎಂದು ಸಾಹೇಬರು ನಗಿಸಿದ್ದನ್ನು ಅವನು ನಮಗೆ ನೂರು ಸಲ ಹೇಳಿದ್ದಾನೆ. ಅವತ್ತು ಹೇಳಲಿಲ್ಲ.

ಮಗಳ ಮಾತು ಕೇಳಿದ ಮೇಲೆ ಆ ಟೈರಿನ ಗಾಡಿಯನ್ನು ಹಿಂದೆ ಕಟ್ಟಿಕೊಂಡು ಅವಳನ್ನು ಕರೆದೊಯ್ಯಲು ನನ್ನಿಂದಾಗುತ್ತಿರಲಿಲ್ಲ. ಮೊದಲು ಗಂಡನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವನು ಸೈಕಲ್ ಪಂಕ್ಚರ್ ಹಾಕಲು ತನಗೆ ನಿಜಕ್ಕೂ ಬರುವುದಿಲ್ಲ ಎಂದು ನಕ್ಕ. ಅಪ್ಪನ ಹತ್ತಿರ ಹೋಗುವುದು ಅಷ್ಟು ಸಲೀಸಾಗಿರಲಿಲ್ಲ. ಬೆಣ್ಣೆ ಹಚ್ಚುವ ದನಿಯಲ್ಲಿ, "ಅಪ್ಪಾ, ಹೊಸಾ ಟೈರ್ ಹಾಕಸೂನು. ಆರಿಸಾಕ ನೀ ಬೇಕು ನೋಡು," ಎಂದೆ.

"ನನಗ ಬೆಣ್ಣಿ ಹಚ್ಚಬ್ಯಾಡ," ಎಂದ ಅಪ್ಪ. "ಟೈರಿನ ಮಾತಿನಾಗೂ ನನ್ನ ಮಾತು ನಡೆಯೂದಿಲ್ಲ ಅಂದ್ರ ನಾ ಇಲ್ಲಿ ಯಾಕ ಇರಬೇಕು? ಜನವರಿ ಟಿಕೆಟ್ ನೋಡು."

ಇಡೀ ಭಾನುವಾರ ಮಾತಿಲ್ಲ. ಆದರೆ ಸೋಮವಾರ ನಾನು ರಜೆ ಹಾಕಿ ಕಾರಿಗೆ ಕ್ಯಾರವಾನ್ ಕಟ್ಟುವಾಗ ಬಂದು ಮುಂದಿನ ಸೀಟಿನಲ್ಲಿ ಕೂತ. ಅಂಗಡಿಯವನು ಟೈರ್ ಹೇಗೆ ಬಿಚ್ಚುತ್ತಾನೋ ನೋಡಬೇಕಾಗಿತ್ತಂತೆ.

ಪೊರಿರುವಾ ಊರಿನ ಒಂದು ಟೈರ್ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ನಾವಿಬ್ಬರೂ ಒಟ್ಟಿಗೆ ಉಸಿರೆಳೆದುಕೊಂಡೆವು. ಅದೇ ರಬ್ಬರಿನ ವಾಸನೆ. ಅಪ್ಪನ ಖಾಕಿ ಅಂಗಿಯನ್ನು ಅವ್ವ ಎರಡು ಸಲ ಒಗೆದರೂ ಹೋಗುತ್ತಿರಲಿಲ್ಲವಲ್ಲ, ಅದು. ಅಪ್ಪ ಕೈ ಹಿಂದೆ ಕಟ್ಟಿ ಸಾಹೇಬನಂತೆ ಟೈರಿನ ಸಾಲುಗಳ ನಡುವೆ ಹೊರಟುಬಿಟ್ಟ.

ಅಂಗಡಿಯವನು ಐವತ್ತು ದಾಟಿದ, ಇಲ್ಲಿನ ಮೂಲನಿವಾಸಿ ಮಾವೊರಿ ಮನುಷ್ಯ, ಅರ್ಧ ಚಡ್ಡಿ, ಅಪ್ಪನ ತೊಡೆಯಷ್ಟು ದಪ್ಪ ತೋಳು. ಅಪ್ಪನನ್ನು ಕಂಡು ಹುಬ್ಬೇರಿಸಿ ನಕ್ಕು, "ಕಿಯಾ ಓರಾ, ಮಾತುವಾ," ಎಂದ. ಕಿಯಾ ಓರಾ ಎಂದರೆ ನಮಸ್ಕಾರ; ಹಿರಿಯ ಗಂಡಸರನ್ನು ಇಲ್ಲಿ ಗೌರವದಿಂದ ಮಾತುವಾ ಎನ್ನುತ್ತಾರೆ, ನಮ್ಮ ಕಡೆ ಕಾಕಾ ಎಂದಂತೆ.

"ನಾ ಇನ್ನೂ ಮಾತ ಆಡಿಲ್ಲ, ಮಾತುವಾ ಅಂತಾನಲ್ಲ," ಎಂದ ಅಪ್ಪ. ಅರ್ಥ ಹೇಳಿದ ಮೇಲೆ ಅಂಗಿಯ ಕಾಲರು ಸರಿಮಾಡಿಕೊಂಡ.

ಅಂಗಡಿಯವನು ಎರಡೂ ಗಾಲಿ ಕಳಚಿ, ಗಾಳಿ ಬಿಟ್ಟು, ಯಂತ್ರಕ್ಕೆ ಕೊಟ್ಟು ಟೈರು ಬಿಡಿಸಿದ. ಅಂಚನ್ನು ಮಡಿಸಿ ತೋರಿಸಿದಾಗ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಅಪ್ಪ ಕನ್ನಡಕ ಏರಿಸಿ ನೋಡಿ, "ಇರ್ತಾವ. ಇಷ್ಟಕ್ಕೆಲ್ಲ ಟೈರ್ ಒಗಿಯೂದಿಲ್ಲ," ಎಂದ. ಆಮೇಲೆ ಏನೋ ಹೊಳೆದು ಕಣ್ಣರಳಿಸಿ ಅಂಗಡಿಯವನಿಗೆ ನೇರವಾಗಿ ಕೇಳಿದ. "ಸ್ಟೆಪ್ನಿ? ವೇರ್ ಸ್ಟೆಪ್ನಿ?"

ಅಂಗಡಿಯವನು ಸುತ್ತ ನೋಡಿದ. ಸ್ಟೆಪ್ನಿ ಯಾರು, ನಿಮ್ಮ ನಾಯಿಯಾ, ಒಳಗೇನಾದರೂ ಓಡಿತಾ ಎಂದು ನನ್ನನ್ನು ಕೇಳಿದ.

ಅಪ್ಪ ಇನ್ನೂ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದ. ಕೈಯಲ್ಲಿ ದುಂಡಗೆ ಗಾಳಿಯಲ್ಲಿ ಬರೆದ. ಅವನು ತಲೆ ಅಲ್ಲಾಡಿಸಿದ. ಅಪ್ಪ ನನ್ನ ಕಡೆ ತಿರುಗಿ, "ಇಂಗ್ಲಿಷ್ ಊರಾಗ ಇದ್ದು ಇಷ್ಟು ಇಂಗ್ಲಿಷ್ ಬರೂದಿಲ್ಲಲ್ಲ ಇಂವಗ!" ಎಂದ. ನಾನು ನಗು ತಡೆದುಕೊಂಡು ಸ್ಪೇರ್ ವೀಲ್ ಎಂದು ಹೇಳಿಕೊಟ್ಟೆ. ನಮ್ಮ ದೇಶದಾಚೆ ಅದನ್ನು ಸ್ಟೆಪ್ನಿ ಎನ್ನುವವರು ಸಿಗುವುದೇ ಅಪರೂಪವೆಂಬುದು ನನಗೂ ಇಲ್ಲಿಗೆ ಬಂದ ಮೇಲೆಯೇ ತಿಳಿದದ್ದು.

ಸ್ಟೆಪ್ನಿ ಕ್ಯಾರವಾನಿನ ಬೆನ್ನಿಗಿತ್ತು, ರೆಕ್ಸಿನ್ ಹೊದಿಕೆಯೊಳಗೆ. ನಾವ್ಯಾರೂ ಅದನ್ನು ತೆಗೆದು ನೋಡಿರಲೇ ಇಲ್ಲ. ಅಪ್ಪನೇ ಹೊದಿಕೆ ಎಳೆದ. ಒಂದೇ ಒಂದು ದಿನವೂ ರಸ್ತೆ ಮುಟ್ಟದ ಟೈರು. ಹೊಸ ಟೈರಿನ ಮೈಮೇಲಿರುವ ಸಣ್ಣ ರಬ್ಬರಿನ ಕೂದಲು ಕೂಡ ಹಾಗೇ ಇತ್ತು.

"ನೋಡು! ನೋಡಿಲ್ಲೆ!" ಅಪ್ಪನ ದನಿ ಇಡೀ ಅಂಗಡಿಗೆ ಕೇಳಿಸಿತು. "ಮೀಸಿ ಸೈತ ಹೋಗಿಲ್ಲ! ಇದನ್ನ ಹಾಕು, ಇನ್ನೊಂದು ಹೊಸಾದು ತಗೋ. ಮುಗೀತು!"

ಗೆದ್ದ ಮುಖ. ಅಪ್ಪ ಹೇಳಿದಂತೆಯೇ ಆಗಲಿ ದೇವರೇ ಎಂದು ನಿಜಕ್ಕೂ ಬೇಡಿಕೊಂಡೆ. ಅಂಗಡಿಯವನು ಅದನ್ನು ಇಳಿಸಿ ಅಂಕಿ ತೋರಿಸಿದ. ಅದೇ ಮೂರು, ಒಂದು, ಒಂದು, ಮೂರು. ಗಾಳಿ ಬಿಟ್ಟು ಬಿಡಿಸಿ, ಟೈರನ್ನು ಅಪ್ಪನ ಕೈಗೇ ಕೊಟ್ಟು, ನೀವೇ ಮಡಿಸಿ ನೋಡಿ ಎಂದು ಸನ್ನೆ ಮಾಡಿದ.

ಅಪ್ಪ ಮೊಣಕಾಲಿನಿಂದ ಒತ್ತಿ ಮಡಿಸಿದ. ಹಿಮ್ಮಡಿ ಒಡೆದ ಹಾಗೆ ಪಕ್ಕವೆಲ್ಲ ಬಾಯಿಬಿಟ್ಟಿತು. ಬಿರುಕಿನ ಆಳಕ್ಕೆ ಒಳಗಿನ ನೂಲು ಬೆಳ್ಳಗೆ ಕಾಣುತ್ತಿತ್ತು. ಮೂರರಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟದ್ದು.

"ಇದು ಒಂದ ದಿನಾನೂ ಓಡಿಲ್ಲಲ್ಲ ಯವ್ವಾ," ಎಂದ ಅಪ್ಪ.

ಅಂಗಡಿಯವನು ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. "ರಬ್ಬರಿನೊಳಗ ಒಂಥರಾ ಮೇಣ ಇರ್ತೈತಂತ, ಅಪ್ಪಾ. ಟೈರ್ ಉರುಳಿದಾಗ ಅದು ಮೈಮ್ಯಾಲೆ ಬಂದು ಕಾಯ್ತೈತಂತ. ನಿಂತಲ್ಲೇ ನಿಂತ್ರ ಒಳಗ ಉಳದು ಮೈ ಒಣಗ್ತೈತಂತ."

"ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಅಪ್ಪ ಟೈರನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಡಿಪೋದಲ್ಲಿ ಒಂದು ಟೈರಿಗೂ ಹಳತಾಗಲು ಪುರುಸೊತ್ತು ಇರುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಕಾರವಾರ, ಕಾರವಾರದಿಂದ ಹುಬ್ಬಳ್ಳಿ. ಸವೆದರೆ ಮೇಲ್ಪದರ ಹೊಸದು ಹಾಕಿಸಿ ಮತ್ತೆ ಓಡಿಸುತ್ತಿದ್ದರು. ಅವನ ಮೂವತ್ತನಾಲ್ಕು ವರ್ಷದಲ್ಲಿ ಇಂಥದ್ದೊಂದು ಕೈಗೆ ಬಂದೇ ಇರಲಿಲ್ಲ.

"ಓಡಿ ಸತ್ತ ಟೈರ್ ಸಾವಿರ ನೋಡೀನಿ," ಎಂದ. "ಕುಂತು ಸತ್ತದ್ದು ಇದ ಮೊದಲು."

ನನಗೆ ಅಳು ಬಂತು. ಬಂದದ್ದು ಟೈರಿಗಲ್ಲ ಎಂದು ಹೇಳಬೇಕಾಗಿಲ್ಲವಷ್ಟೇ. ಅಂಗಡಿಯವನು ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿ ಇಬ್ಬರ ಮುಂದೂ ಹಿಡಿದ.

ಒಂದು ಬಿಸ್ಕತ್ತು ಮುಗಿಸಿ ಅಪ್ಪ ಎದ್ದ. ಸೊಂಟ ನೆಟ್ಟಗೆ ಮಾಡಿಕೊಂಡು, "ಮೂರು ಬೇಕು. ತೋರ್ಸು ಅನ್ನು," ಎಂದ. ಅಲ್ಲಿಂದ ಮುಂದೆ ನಾನು ಬರೀ ದುಭಾಷಿ.

ನನ್ನ ಕಣ್ಣು ಬಿದ್ದಿದ್ದು ಬಾಗಿಲ ಬಳಿ ರಿಯಾಯಿತಿಗೆ ಇಟ್ಟಿದ್ದ ಕಾರಿನ ಟೈರುಗಳ ಮೇಲೆ. ನೋಡಲು ಚೆಂದ, ಸದ್ದಿಲ್ಲದೆ ಮೆತ್ತಗೆ ಓಡುತ್ತವೆ ಎಂದು ಬೇರೆ ಬರೆದಿತ್ತು. ಅಪ್ಪ ಹೆಬ್ಬೆರಳಿನಿಂದ ಅದರ ಪಕ್ಕೆ ಒತ್ತಿದ. "ಇದು ಮದುವಿ ಮನಿ ಗಾದಿ. ಕುಂದ್ರಾಕ ಚಲೋ, ಹೊರಾಕಲ್ಲ. ಕಾರಿಗೆ ನಾಲ್ಕು ಗಾಲಿ ಐತಿ, ನಿನ್ನ ಮನಿಗೆ ಎರಡ. ಮನಿ ತೂಕ ಎಷ್ಟು?" ಹೇಳಿದೆ. "ಅದು ಖಾಲಿ ಮನಿ ತೂಕ. ನೀ ಜ್ವಾಳದ ಹಿಟ್ಟು ಎಷ್ಟು ಹಾಕ್ತಿ? ಕುಕ್ಕರ್? ನೀರಿನ ಟ್ಯಾಂಕಿ? ಅಳಿಯಾರ ಪುಸ್ತಕದ ಪೆಟಗಿ?"

ಅಂಗಡಿಯವನಿಗೆ ಅನುವಾದಿಸಿದಾಗ ಅವನು ಮೇಜು ಕುಟ್ಟಿ ನಕ್ಕ. ಮಾತುವಾ ಹೇಳಿದ್ದೇ ಸರಿ, ಬೇಕಾದ್ದು ಸಣ್ಣ ಲಾರಿಗೆ ಹಾಕುವಂಥದ್ದು ಎಂದು ಒಳಗಿನ ಸಾಲಿನಿಂದ ಮೂರು ತಂದು ಉರುಳಿಸಿದ. ಅಪ್ಪ ಪಕ್ಕೆ ಒತ್ತಿದ; ಬಗ್ಗಲಿಲ್ಲ. "ಎಷ್ಟು ಪ್ಲೈ?" ಎಂದ, ಪದರಗಳ ಲೆಕ್ಕ ಅದು. ಆ ಪದ ಅದೃಷ್ಟವಶಾತ್ ಇಬ್ಬರ ಊರಲ್ಲೂ ಒಂದೇ. ಅವನು ಎಂಟು ಬೆರಳು ತೋರಿಸಿದ. ಅಪ್ಪ ಮೆಚ್ಚಿದ. ಕಾರ್ಡ್ ತೆಗೆಯಲು ನಾನು ಪರ್ಸಿಗೆ ಕೈಹಾಕಿದೆ.

"ತಡಿ," ಎಂದು ಅಪ್ಪ ಕನ್ನಡಕ ಒರೆಸಿಕೊಂಡ. ಒಂದೊಂದೇ ಟೈರು ತಿರುಗಿಸಿ ನಾಲ್ಕು ಅಂಕಿ ಹುಡುಕಿದ. ಮೂರನೆಯದರ ಮುಂದೆ ನಿಂತ. ಎರಡು ಟೈರು ಈ ವರ್ಷದವು. ಅದೊಂದು ಐದು ವರ್ಷದ ಹಿಂದಿನದು. ಸಾಲಿನ ತಳದಲ್ಲಿ ಉಳಿದುಹೋಗಿದ್ದಿರಬೇಕು.

ಅಪ್ಪ ಅಂಗಡಿಯವನನ್ನು ಬೆರಳಿನಿಂದ ಕರೆದು, ಅಂಕಿ ತೋರಿಸಿ, ಕುರ್ಚಿಯಲ್ಲಿ ಕೂತು ತೂಕಡಿಸುವವನ ಅಭಿನಯ ಮಾಡಿ, "ನೋ," ಎಂದ. "ಕುಂತದ್ದು ಬ್ಯಾಡ."

ಆ ಮನುಷ್ಯ ಅಂಕಿಯನ್ನು ನೋಡಿದ, ಅಪ್ಪನನ್ನು ನೋಡಿದ, ಎರಡೂ ಕೈ ಮೇಲೆತ್ತಿ ಶರಣಾದ. ಈ ಕಣ್ಣು ತಪ್ಪಿಸುವುದು ಕಷ್ಟ, ನಿಮಗೆ ಕೆಲಸ ಬೇಕಾ ಎಂದು ಅಪ್ಪನನ್ನು ಕೇಳಿದ. ಅದರ ಬದಲು ಹೊಸದನ್ನು ಗುರುವಾರ ತರಿಸಿಕೊಟ್ಟ. ಕೆಲಸ ಬೇಕಾ ಎಂದು ಕೇಳಿದ್ದನ್ನು ಅಪ್ಪ ಆ ಸೋಮವಾರ ಸಂಜೆಯೇ ಹುಬ್ಬಳ್ಳಿಗೆ ಫೋನ್ ಮಾಡಿ ತಮ್ಮನಿಗೂ, ಓಣಿಯ ಇಬ್ಬರು ಗೆಳೆಯರಿಗೂ ಹೇಳಿದ. ಮೂರನೆಯ ಫೋನಿನಲ್ಲಿ ಅದು, "ನಾಳೆಯಿಂದಲೇ ಬಾ ಅಂದ" ಎಂದಾಗಿತ್ತು.

ಹೊರಡುವ ದಿನ ಗಂಡ ಪಕ್ಕದ ಮನೆಯ ಗಿಡದಿಂದ ಕೇಳಿ ತಂದ ನಿಂಬೆಹಣ್ಣುಗಳನ್ನು ಹಿಡಿದು ಸಿದ್ಧನಾಗಿದ್ದ. ಹೊಸ ಟೈರು ನಿಂಬೆಹಣ್ಣು ತುಳಿಯದೆ ಹೊರಡುವುದುಂಟೆ? "ಲಿಂಬಿಹಣ್ಣು ಆಮ್ಯಾಲೆ ಅಳಿಯಾರ, ಮೊದಲು ನಟ್ಟು," ಎಂದು ಅಪ್ಪ ಪಾನಾ ಹಿಡಿದು ಒಂದೊಂದೇ ನಟ್ಟು ಪರೀಕ್ಷಿಸಿದ. ಘಾಟಿ ಇಳಿದು ಫೆದರ್‌ಸ್ಟನ್ ಮುಟ್ಟಿದ ಕೂಡಲೇ ಗಾಡಿ ನಿಲ್ಲಿಸಿ ಮತ್ತೊಮ್ಮೆ ಬಿಗಿ ಮಾಡಿದ; ಹೊಸದಾಗಿ ಹಾಕಿದ ಗಾಲಿ ಒಂದಿಷ್ಟು ಓಡಿದ ಮೇಲೆ ನಟ್ಟು ಸಡಿಲಾಗುತ್ತದಂತೆ. ಅಂಗಡಿಯವನೂ ಅದನ್ನೇ ಹೇಳಿ ಕಳಿಸಿದ್ದ. ಮಗಳು ಕೈ ಒರೆಸಲು ಒದ್ದೆ ಕಾಗದ ಕೊಟ್ಟಳು. "ಇರ್ಲಿ ಬಿಡು," ಎಂದು ಅಪ್ಪ ಕರಿ ಮೆತ್ತಿದ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡೇ ಕೂತ.

ಕಾಸಲ್‌ಪಾಯಿಂಟಿನಲ್ಲಿ ಮೂರು ದಿನ ಗಾಳಿ ಬಿಟ್ಟರೆ ಬೇರೇನೂ ತೊಂದರೆಯಾಗಲಿಲ್ಲ. ದೀಪಸ್ತಂಭದವರೆಗೆ ಹತ್ತಿ ಇಳಿದೆವು, ಮರಳು ಬೆರೆತ ರೊಟ್ಟಿ ತಿಂದೆವು. ಟಿಕೆಟ್ಟಿನ ಮಾತನ್ನು ನಾನೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಆದರೆ ಪ್ರವಾಸ ಮುಗಿದ ಮೇಲೆ ನೋಡೋಣ ಎಂದವಳು ನಾನೇ, ಅದು ಮಾರನೆಯ ದಿನ ಮುಗಿಯುವುದಿತ್ತು. ಆ ಮೂರನೆಯ ದಿನ ಸಮುದ್ರದಿಂದ ವಾಪಸ್ ಬಂದು ನೋಡಿದರೆ ಕ್ಯಾರವಾನ್ ಜ್ಯಾಕಿನ ಮೇಲೆ ಒಂದು ಕಡೆ ಎದ್ದು ನಿಂತಿದೆ. ಅಕ್ಕಪಕ್ಕದ ಟೆಂಟುಗಳಿಂದ ಇಬ್ಬರು ಈ ದೇಶದವರು, ಪಂಕ್ಚರಾಯಿತೇನೋ ಎಂದು ಸಹಾಯಕ್ಕೆ ಓಡಿ ಬಂದಿದ್ದಾರೆ. ಅಪ್ಪ ಅವರಿಬ್ಬರ ಕೈಯಲ್ಲೂ ಏನೇನೋ ಹಿಡಿಸಿ ನಿಲ್ಲಿಸಿಕೊಂಡಿದ್ದಾನೆ.

"ಏನಾತು ಅಪ್ಪಾ?"

"ಏನೂ ಆಗಿಲ್ಲ. ಸ್ಟೆಪ್ನಿ ಪಾಳಿ. ಹೋಗ್ತಾ ಅವೆರಡು ಓಡ್ಯಾವ, ಬರ್ತಾ ಇದೂ ಓಡ್ಲಿ. ಹಿಂದ ತೂಗಹಾಕಿ ಕೊಲ್ಲೂದು ಬ್ಯಾಡ."

ಬಂದವರಿಗೆ ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಒಬ್ಬ ತನ್ನ ಕ್ಯಾರವಾನಿನ ಬೆನ್ನಿನ ಹೊದಿಕೆಯನ್ನು ಯೋಚನೆಯಿಂದ ನೋಡಿ, ಆಮೇಲೆ ಹೋಗಿ ಅದನ್ನು ಬಿಚ್ಚತೊಡಗಿದ.

ಅಪ್ಪ ಮಗಳ ಸೀಮೆಸುಣ್ಣದಿಂದ ಟೈರುಗಳ ಮೇಲೆ ೧, ೨, ೩ ಎಂದು ಬರೆದ. ಆಮೇಲೆ ಕ್ಯಾಂಪಿನವರು ಕೊಟ್ಟಿದ್ದ ನಕಾಶೆಯ ಹಿಂಬದಿಗೆ ಡ್ಯೂಟಿ ಚಾರ್ಟ್ ಹಾಕಲು ಕೂತ. ಈ ಸಲ ೧ ಮತ್ತು ೩, ರಜೆ ೨. ಮುಂದಿನ ಸಲ ೨ ಮತ್ತು ೩, ರಜೆ ೧. ಅಲ್ಲಿಗೆ ಬಂದು ಪೆನ್ನು ನಿಲ್ಲಿಸಿದ.

"ಮುಂದಿನ ಸಲ ಅಂದ್ರ ಯಾವಾಗ?"

"ಈಸ್ಟರ್ ರಜೆಗೆ."

"ಅದು ಯಾವಾಗ ಬರ್ತೈತಿ?"

"ಏಪ್ರಿಲ್."

ಅಪ್ಪ ಚಾರ್ಟಿನಲ್ಲಿ ಏಪ್ರಿಲ್ ಎಂದು ಬರೆದ. "ಈ ಬದಲಿ ಮಾಡೂದು ಅಳಿಯಾರಿಂದ ಆಗೂದಿಲ್ಲ," ಎಂದ. ಅಳಿಯ ತಕ್ಷಣ, ಖಂಡಿತ ಆಗುವುದಿಲ್ಲ ಮಾವ ಎಂದ. ದೇವರು ಅವನನ್ನು ಚೆನ್ನಾಗಿಟ್ಟಿರಲಿ. "ಹಂಗಾರ ಟಿಕೆಟ್ ಮುಂದಕ್ಕ ಹಾಕ್ಸು ಯವ್ವಾ."

ಆ ಊರಿನಲ್ಲಿ ನನ್ನ ಫೋನಿಗೆ ಸಿಗ್ನಲ್ ಸಿಗುವುದು ಕ್ಯಾಂಪಿನ ಬಚ್ಚಲುಮನೆಯ ಗೋಡೆಯ ಪಕ್ಕ ಮಾತ್ರ. ಸಂತೋಷದಲ್ಲಿ ನಂಬರು ಎರಡು ಸಲ ತಪ್ಪು ಒತ್ತಿದೆ. ವಿಮಾನ ಕಂಪನಿಯವರು ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರು. ಟವೆಲು ಹೊದ್ದ ಜನ ಬಂದು ಹೋಗುತ್ತಿದ್ದರು. ಅಷ್ಟು ಹೊತ್ತೂ ಅಪ್ಪ ಕ್ಯಾರವಾನಿನ ಮೆಟ್ಟಿಲ ಮೇಲೆ ನಿಂತು, ಐದೈದು ನಿಮಿಷಕ್ಕೆ ಕೈಬೀಸಿ, ಏನಾಯಿತು ಎಂದು ಕೇಳುತ್ತಿದ್ದ. ಕೊನೆಗೆ ಒಬ್ಬಳು ಸಿಕ್ಕಳು. ಏಪ್ರಿಲ್ ಕೊನೆಗೆ ಒಂದೇ ಸೀಟು ಉಳಿದಿದೆ, ಆದರೆ ವಿಮಾನದ ಕಟ್ಟಕಡೆಯ ಸಾಲು, ಹಿರಿಯರಿಗೆ ತೊಂದರೆಯಾದೀತು ಎಂದಳು.

ನಾನು ಫೋನಿಗೆ ಕೈ ಅಡ್ಡ ಹಿಡಿದು, ಗಾಳಿಯ ಮೇಲೆ ದನಿಯೆತ್ತಿ ಕೂಗಿದೆ. "ಅಪ್ಪಾ, ಸಿಗ್ತೈತಿ! ಆದ್ರ ಎಲ್ಲಾರಕಿಂತ ಹಿಂದಿನ ಸೀಟು!"

"ಇರ್ಲಿ ತಗೋ!" ಅಪ್ಪ ಅಲ್ಲಿಂದಲೇ ಕೂಗಿದ. "ಸ್ಟೆಪ್ನಿ ಹಿಂದ ಇರ್ತೈತಿ!"